ತಲೆಗೆ ಎಷ್ಟು

ಬಾಕ್ಸಿಗೆ ಪೆಟ್ಟಿಗೆ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಆದರೆ ಒಂದಾದರೂ ಬಾಕ್ಸಿಂಗ್ ಪಂದ್ಯವನ್ನು ಮುಂದಿನ ಸಾಲಿನಲ್ಲಿ ಕೂತು ನೋಡಿದವನೇ ಇರಬೇಕು. ಹಗ್ಗ ಬಿಗಿದ ಆ ಚೌಕದೊಳಗೆ ಕಾಲಿಟ್ಟವರು ಹೋಗುವುದೇ ಪೆಟ್ಟಿಗೆ.

ಗೀಟಮ್ಮ ಕೂರುತ್ತಿದ್ದದ್ದು ಮುಂದಿನ ಸಾಲಿಗಿಂತಲೂ ಮುಂದೆ, ಅಣ್ಣನ ಮೂಲೆಯ ಕೆಳಗೆ, ನೀರಿನ ಬಕೆಟ್ಟಿನ ಪಕ್ಕ. ಶಾಲೆಯಲ್ಲಿ ಅವಳು ಏಳನೇ ತರಗತಿಗೆ ಗಣಿತದ ಟೀಚರ್. ಇಲ್ಲಿ ಅವಳ ಕೆಲಸ ಗೀಟು ಎಳೆಯುವುದು. ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಹಾಳೆ, ಹಾಳೆಯಲ್ಲಿ ಎರಡು ಮನೆ: ಎದುರಾಳಿ ಅಣ್ಣನ ತಲೆಗೆ ಬೀಸಿದ್ದು ಒಂದರಲ್ಲಿ, ಬೀಸಿದ್ದರಲ್ಲಿ ಬಿದ್ದದ್ದು ಇನ್ನೊಂದರಲ್ಲಿ. ನಾಲ್ಕು ಗೀಟು ನೆಟ್ಟಗೆ, ಐದನೆಯದು ಅವುಗಳ ಮೈಮೇಲೆ ಅಡ್ಡಕ್ಕೆ. "ಐದಕ್ಕೊಂದು ಕಟ್ಟು ಕಟ್ತೀಯಲ್ಲ, ಅದಕ್ಕೇ ಇದಕ್ಕೆ ಪಂಚ್ ಅನ್ನೋದು" ಎಂದು ಅಣ್ಣ ಹೇಳಿ ತಾನೇ ನಕ್ಕಿದ್ದ. ಗೀಟಮ್ಮ ಎಂದು ಹೆಸರಿಟ್ಟವನೂ ಅವನೇ.

ಅವನಿಗೆ ಜನ ಇಟ್ಟ ಹೆಸರು ಗುದ್ದಲಿ. ಅವನ ಬಲಗೈ ಮೇಲಿನಿಂದ ಕೆಳಕ್ಕೆ, ನೆಲ ಅಗೆಯುವ ಹಾಗೆ ಬೀಳುತ್ತಿತ್ತು. ಆದರೆ ಇಡೀ ಹಾಲ್ ಒಂದೇ ಗಂಟಲಲ್ಲಿ "ಗುದ್ದಲಿ, ಗುದ್ದಲಿ" ಎಂದು ಕೂಗುವಾಗ ಅದು ಹೆಸರೋ ಅಪ್ಪಣೆಯೋ, ಅಪ್ಪಣೆಯಾದರೆ ಇವನು ಗುದ್ದಲಿ ಎಂದೋ ಅವನು ಗುದ್ದಲಿ ಎಂದೋ ಹೇಳುವುದು ಕಷ್ಟ. ಈಚೆಗೆ ಅಣ್ಣನೂ ಎರಡನೆಯದನ್ನೇ ನಂಬಿದಂತಿತ್ತು. ಕಾಲು ಮೊದಲಿನ ಹಾಗೆ ಓಡುತ್ತಿರಲಿಲ್ಲ. ಹಾಗಾಗಿ ಕೈ ಇಳಿಬಿಟ್ಟು, ಗಲ್ಲ ಮುಂದಿಟ್ಟು ನಿಂತುಬಿಡುತ್ತಿದ್ದ. ಗುದ್ದಲಿ ಬಿಡು, ಅವನ ಕೈ ಸೋಲಲಿ, ಆಮೇಲೆ ನಮ್ಮದು.

ಹೀಗೆ ನಿಂತು ಆಡತೊಡಗಿದ ಮೇಲಿನ ನಾಲ್ಕನೇ ಪಂದ್ಯದಲ್ಲಿ ಎದುರಾಳಿ ಎಡಗೈಯವನು. ಮೂರನೇ ಸುತ್ತಿಗೆ ಅಣ್ಣನ ಎಡಹುಬ್ಬು ಬಾಯಿ ತೆರೆಯಿತು. ನಾಲ್ಕನೇ ಸುತ್ತಿಗೆ ಆ ಬಾಯಿ ಮಾತಾಡತೊಡಗಿತು. ರಕ್ತ ಕಣ್ಣಿಗೆ, ಕಣ್ಣಿಂದ ಮೂಗಿಗೆ, ಮೂಗಿಂದ ಎದೆಗೆ. ಒಂದು ಹೊಡೆತಕ್ಕೆ ಅವನ ತಲೆ ಹಿಂದಕ್ಕೆ ಹಾರಿದಾಗ ಬೆವರು, ಉಗುಳು, ರಕ್ತ ಕಲಸಿದ ಒಂದು ಹನಿ ಗೀಟಮ್ಮನ ಹಾಳೆಯ ಮೇಲೆ ಬಿದ್ದು ಒಂದು ಗೀಟನ್ನು ಅಳಿಸಿತು. ಅವಳು ಕೈಯಂಚಿನಿಂದ ಒರೆಸಿ ಮತ್ತೆ ಎಳೆದಳು. ಲೆಕ್ಕ ತಪ್ಪಬಾರದು. ಆರನೇ ಸುತ್ತಿನಲ್ಲಿ ಎಡಗೈಯವನ ತೋಳು ಒದ್ದೆ ಬಟ್ಟೆಯಂತೆ ಜೋತಾಗ, ಅಣ್ಣ ಪಕ್ಕೆಲುಬಿನ ಕೆಳಗೆ ಒಂದು, ದವಡೆಗೆ ಒಂದು ಅಗೆದ. ಎದುರಾಳಿ ಮಂಡಿಯೂರಿ, ಏನೋ ಹುಡುಕುವವನಂತೆ ನೆಲ ನೋಡುತ್ತಾ ಕೂತ. ಅವನ ಹಲ್ಲಿನ ರಕ್ಷೆ ಹಗ್ಗದಾಚೆ ಬಿದ್ದಿತ್ತು.

"ನೋಡಿದ್ಯಾ," ಎಂದ ಮಾವ, ಟವೆಲ್ಲಿನಿಂದ ಅಣ್ಣನ ಮುಖ ಒತ್ತುತ್ತಾ. ಮಾವ ಎಂದರೆ ಅಮ್ಮನ ತಮ್ಮ, ಕ್ಲಬ್ಬಿನ ಒಡೆಯ, ಅಣ್ಣನಿಗೆ ಕೋಚು. ಕೋಚಿಗೆ ಸಂಕೋಚ ಎಂಬುದು ಮಾತ್ರ ಇರಲಿಲ್ಲ. "ಮೂಗು ಮತ್ತೆ ಮುರಿದಿದೆ ಅಷ್ಟೇ."

"ನಾಲ್ಕನೇ ಆವೃತ್ತಿ ಮಾವ," ಎಂದ ಅಣ್ಣ ಉಬ್ಬಿದ ತುಟಿಯಲ್ಲಿ. "ಪರಿಷ್ಕರಿಸಿದ್ದು."

ಮುಂದಿನದು ಪಟ್ಟದ ಪಂದ್ಯ. ಆದರೆ ಮೂವತ್ತೈದು ದಾಟಿದವರಿಗೆ ಬಾಕ್ಸಿಂಗ್ ಸಂಘದ ಡಾಕ್ಟರು ಸಹಿ ಹಾಕದೆ ಅದರೊಳಗೆ ಬಿಡುವಂತಿಲ್ಲ. ಮೂರು ವಾರದ ಮೇಲೆ ಡಾಕ್ಟರು ಅಣ್ಣನ ಕಣ್ಣಿಗೆ ದೀಪ ಬಿಟ್ಟು, ಗೆರೆಯ ಮೇಲೆ ನಡೆಸಿ, "ತಲೆಗೆ ಎಷ್ಟು ತಿಂದಿದೀಯಪ್ಪಾ?" ಎಂದರು. ಅಣ್ಣ ತಂಗಿಯ ಕಡೆ ನೋಡಿದ. ತಂಗಿ ಹಾಳೆ ಬಿಚ್ಚಿದಳು. ಮೊದಲ ಪಂದ್ಯದಲ್ಲಿ ಎದುರಾಳಿ ಬೀಸಿದ ನೂರರಲ್ಲಿ ಮೂವತ್ತನಾಲ್ಕು ಬಿದ್ದಿದ್ದವು. ಆಮೇಲೆ ನೂರಕ್ಕೆ ಮೂವತ್ತು. ಆಮೇಲೆ ಇಪ್ಪತ್ತೈದು. ಈ ಸಲ ಇಪ್ಪತ್ತು.

"ಇಳೀತಾ ಬಂದಿದೆ," ಎಂದರು ಡಾಕ್ಟರು, ಸಮಾಧಾನದಿಂದ.

"ಇಳೀತಾ ಬಂದಿದೆ," ಎಂದಳು ಗೀಟಮ್ಮ. ಅವಳಿಗೂ ಸಮಾಧಾನವೇ ಆಗಿತ್ತು. ಅವಳು ಮಾಡಿದ್ದು ಸಾಪೇಕ್ಷ ಆವೃತ್ತಿ, ಭಾಗಾಕಾರ ಸರಿಯಿತ್ತು, ಎರಡೆರಡು ಸಲ ನೋಡಿದ್ದಳು. ಸಹಿ ಬಿತ್ತು.

*

ಅಣ್ಣ ತಂಗಿಯ ಮನೆ ಕ್ಲಬ್ಬಿನ ಮೇಲಿನ ಮಹಡಿ. ಅಮ್ಮ ಇದ್ದಾಗ ಮೆಟ್ಟಿಲ ತುದಿಯಲ್ಲಿ ನಿಂತು ಕೆಳಕ್ಕೆ ಕೂಗುತ್ತಿದ್ದಳು: "ಸಾಕು ಬಾರೋ, ತಟ್ಟೆ ಹಾಕಾಯ್ತು." ಆ ಕೂಗಿಗೆ ಅಣ್ಣ ಎಲ್ಲವನ್ನೂ ಬಿಟ್ಟು ಬರುತ್ತಿದ್ದ. ಒಮ್ಮೆ ಬೀದಿಯಲ್ಲಿ ಒಬ್ಬನ ಕಾಲರ್ ಹಿಡಿದು ಗೋಡೆಗೆ ಚಚ್ಚುತ್ತಿದ್ದವನು, ಕೂಗು ಕೇಳಿದ್ದೇ ಕಾಲರ್ ಬಿಟ್ಟು, ಬೆನ್ನು ತಿರುಗಿಸಿ ಮೆಟ್ಟಿಲು ಹತ್ತಿದ್ದ. ಹೊಡೆಸಿಕೊಂಡವನು ಅಲ್ಲೇ ನಿಂತು, "ನಾಳೆ ಬರ್ಲಾ?" ಎಂದು ಕೇಳಿದನಂತೆ.

ಅಣ್ಣ ತಂಗಿ ಇಬ್ಬರೂ ದನಿ ಕದಿಯುವುದರಲ್ಲಿ ಪಳಗಿದವರು. ಅಣ್ಣ ಅಮ್ಮನ ದನಿ ಮಾಡಿ ತಂಗಿಯನ್ನು ಆಟದಿಂದ ಎಬ್ಬಿಸುತ್ತಿದ್ದ. ತಂಗಿ ಅಮ್ಮನ ದನಿ ಮಾಡಿ ಅಣ್ಣನನ್ನು ಬಡಿದಾಟದಿಂದ ಎಬ್ಬಿಸುತ್ತಿದ್ದಳು. ಮಾವನ ಗೊಗ್ಗರು, ಪಂದ್ಯದಲ್ಲಿ ಹೆಸರು ಕೂಗುವವನ ಎಳೆತ, ತಂಗಿಯ ಶಾಲೆಯ ಹೆಡ್ ಮಾಸ್ಟರರ ಮೂಗುದನಿ, ಅಣ್ಣನ ಗಂಟಲಲ್ಲಿ ಎಲ್ಲರಿಗೂ ಬಾಡಿಗೆ ಇಲ್ಲದ ಮನೆಯಿತ್ತು.

ಸಹಿ ಸಿಕ್ಕ ಖುಷಿಯಲ್ಲಿ ಅವನು ಊಟಕ್ಕೆ ಕೂತಾಗ ಡಾಕ್ಟರನ್ನು ಅಣಕಿಸಿದ. "ತಲೆಗೆ ಎಷ್ಟು ತಿಂದಿದೀಯಪ್ಪಾ." ಮಾವ ನಕ್ಕ. ಆಮೇಲೆ ಹೆಡ್ ಮಾಸ್ಟರು. ಆಮೇಲೆ ಅಮ್ಮ: "ಸಾಕು ಬಾರೇ, ತಟ್ಟೆ ಹಾಕಾಯ್ತು."

ಗೀಟಮ್ಮ ತಲೆ ಎತ್ತಿದಳು. ಡಾಕ್ಟರು, ಹೆಡ್ ಮಾಸ್ಟರು, ಅಮ್ಮ, ಮೂವರೂ ಒಂದೇ ದನಿಯಲ್ಲಿ ಮಾತಾಡಿದ್ದರು. ಮಾತಿನ ತುದಿಗಳು ಸವೆದು, ನಾಲಗೆ ದಪ್ಪವಾಗಿ, ಮೂವರೂ ಮಾವನ ಗೊಗ್ಗರಿಗೆ ಹತ್ತಿರವಾಗಿದ್ದರು.

"ಹೇಗಿತ್ತು ಅಮ್ಮ?" ಎಂದ ಅಣ್ಣ.

"ತುಟಿ ಊದಿದೆ ನಿಂಗೆ," ಎಂದಳು. ಊತ ಇಳಿದು ವಾರವಾಗಿತ್ತು.

*

ಏಳನೇ ತರಗತಿಯಲ್ಲಿ ಅಂಕಿಅಂಶದ ಪಾಠ ಬಂದಾಗ ಅವಳು ಅದೇ ಲೆಕ್ಕವನ್ನು ಕೊಟ್ಟಳು, ವೇಷ ಬದಲಿಸಿ. ಅಣ್ಣ ಬಾಗಿಲಾದ. ಗುದ್ದು ಕಲ್ಲಾಯಿತು.

"ಒಂದು ಬಾಗಿಲು. ನಾಲ್ಕು ಜನ ನಾಲ್ಕು ದಿನ ಬಂದು ಅದಕ್ಕೆ ಕಲ್ಲು ಎಸೆದರು. ಎಷ್ಟು ಎಸೆದರು, ಎಷ್ಟು ತಾಗಿತು, ಬೋರ್ಡ್ ಮೇಲಿದೆ."

"ಯಾಕೆ ಎಸೆದ್ರು ಟೀಚರ್?"

"ಅದು ಸಮಾಜ ವಿಜ್ಞಾನ. ನಾವು ಗಣಿತ ಮಾಡೋಣ. ಸಾಪೇಕ್ಷ ಆವೃತ್ತಿ ಅಂದ್ರೆ, ತಾಗಿದ್ದನ್ನ ಎಸೆದದ್ದಕ್ಕೆ ಹೋಲಿಸಿ ನೋಡೋದು, ನೂರಕ್ಕೆ ಎಷ್ಟು ಅಂತ. ಸಂಚಿತ ಆವೃತ್ತಿ ಅಂದ್ರೆ, ಸಂಚಿ ಗೊತ್ತಲ್ಲ, ಚೀಲ. ಹಾಕ್ತಾ ಹೋಗೋದು, ತೆಗೆಯೋ ಹಾಗಿಲ್ಲ. ಮೊದಲನೇದು, ಅದಕ್ಕೆ ಎರಡನೇದು ಕೂಡಿಸಿ, ಅದಕ್ಕೆ ಮೂರನೇದು ಕೂಡಿಸಿ. ಪ್ರತಿ ದಿನವನ್ನೂ ಆರು ಭಾಗ ಮಾಡಿದೀನಿ. ಒಂದೊಂದು ದಿನದ ಸಂಚಿತ ಬೇರೆ ಬೇರೆ ಬರೀರಿ. ಹೊಸ ದಿನ, ಹೊಸ ಸಂಚಿ."

ಕೊನೆಯ ಬೆಂಚಿನ ಒಬ್ಬಳಿಗೆ ಪಿಟೀಲು ಎಂದು ಹೆಸರು. ಅವಳ ದನಿ ಕೇಳಿದವರು ಯಾಕೆಂದು ಕೇಳುತ್ತಿರಲಿಲ್ಲ. ಅವಳು ಕಿಟಕಿ ನೋಡುತ್ತಾ ಲೆಕ್ಕ ಮಾಡುವವಳು. ಗೀಟಮ್ಮ ಬೆಂಚುಗಳ ನಡುವೆ ಬಂದು ಅವಳ ಲೆಕ್ಕದ ಮೇಲೆ ಬಗ್ಗಿದಳು. ಕೊನೆಯ ಮನೆಯಲ್ಲಿ ಎಂಬತ್ತು ಇರಬೇಕಿತ್ತು. ಇನ್ನೂರ ಹತ್ತೊಂಬತ್ತು ಇತ್ತು.

ಗೀಟಮ್ಮ ಹೆಡ್ ಮಾಸ್ಟರರ ಮೂಗನ್ನು ತನ್ನ ಮೂಗಿಗೆ ಹಾಕಿಕೊಂಡಳು. "ಏನಮ್ಮಾ ಇದು, ಎಂಬತ್ತಿದ್ದಲ್ಲಿ ಇನ್ನೂರ ಹತ್ತೊಂಬತ್ತು? ಮಿಕ್ಕಿದ್ದನ್ನ ಮನೆಯಿಂದ ತಂದೆಯಾ?"

ತರಗತಿ ಬಿದ್ದು ಬಿದ್ದು ನಕ್ಕಿತು. ಪಿಟೀಲು ನಗಲಿಲ್ಲ. ದಿನ ಬದಲಾದಾಗ ಸೊನ್ನೆಯಿಂದ ಶುರು ಮಾಡುವುದನ್ನು ಅವಳು ಮರೆತಿದ್ದಳು ಅಷ್ಟೇ. ಆದರೆ ಮರೆತೆ ಎಂದು ಒಪ್ಪಿಕೊಳ್ಳುವ ಜಾಯಮಾನ ಅವಳದಲ್ಲ.

"ಎಸೆದೋರು ಬೇರೆ ಬೇರೆ ಟೀಚರ್," ಎಂದಳು. "ಬಾಗಿಲು ಒಂದೇ ಅಲ್ವಾ?"

ಗೀಟಮ್ಮನ ಕೆಂಪು ಪೆನ್ನು ಆಗಲೇ ಕಾಗದಕ್ಕೆ ತಾಗಿತ್ತು. ತಪ್ಪು ಗುರುತಿನ ಮೊದಲ ಗೆರೆ ಬಿದ್ದಿತ್ತು. ಅದನ್ನು ಕತ್ತರಿಸುವ ಎರಡನೆಯದು ಬೀಳಲಿಲ್ಲ. ಪೆನ್ನಿನ ಮೊನೆ ಒತ್ತಿದಲ್ಲೇ ನಿಂತು ಒಂದು ಕೆಂಪು ಚುಕ್ಕೆ ಅಗಲವಾಗುತ್ತಾ ಹೋಯಿತು.

ಅವಳು ಬೋರ್ಡಿಗೆ ಹಿಂತಿರುಗಿ ತನ್ನದೇ ಅಂಕಿಗಳನ್ನು ಓದಿದಳು. ಬಿದ್ದದ್ದು ಮೂವತ್ತನಾಲ್ಕು, ನಲವತ್ತೈದು, ಅರವತ್ತು, ಎಂಬತ್ತು. ಏರುತ್ತಿತ್ತು. ಎರಡು ವರ್ಷದಿಂದ ಏರುತ್ತಲೇ ಇತ್ತು. ನೂರಕ್ಕೆ ಎಷ್ಟು ಎಂಬುದು ಇಳಿದದ್ದು ಯಾಕೆಂದರೆ ಬೀಸಿದ್ದು ಇನ್ನೂ ಬೇಗ ಏರಿತ್ತು: ನೂರು, ನೂರ ಐವತ್ತು, ಇನ್ನೂರ ನಲವತ್ತು, ನಾನೂರು. ತಡೆಯುವ ಕೈ ಇಲ್ಲದಿದ್ದರೆ ಯಾರು ತಾನೇ ಬೀಸುವುದಿಲ್ಲ? ಅವಳು ಡಾಕ್ಟರಿಗೆ ಓದಿ ಹೇಳಿದ್ದು ಎದುರಾಳಿಗಳ ಗುರಿ ಎಷ್ಟು ಕೆಟ್ಟಿದೆ ಎಂಬುದನ್ನು. ಅಣ್ಣನ ತಲೆಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಸಾಪೇಕ್ಷ ಎಂಬ ಪದದೊಳಗೇ ಅಪೇಕ್ಷೆ ಕೂತಿದೆ. ಮಾವನದು, ಅಣ್ಣನದು, ಅವಳದೂ. ಮೂವರೂ ತಮಗೆ ಬೇಕಾದ್ದನ್ನು ನೂರರಿಂದ ಭಾಗಿಸಿಕೊಂಡಿದ್ದರು.

"ನಾನು ತಪ್ಪಾ ಟೀಚರ್?" ಎಂದಿತು ಪಿಟೀಲು.

"ಲೆಕ್ಕ ತಪ್ಪು," ಎಂದಳು ಗೀಟಮ್ಮ. "ಬಾಗಿಲು ಸರಿ."

*

ಡಾಕ್ಟರು ಹೊಸ ಲೆಕ್ಕವನ್ನು ದೂರ ಹಿಡಿದು ನೋಡಿದರು. "ಅವತ್ತು ಇಳೀತಾ ಇದೆ ಅಂದ್ರಿ. ಇವತ್ತು ಏರ್ತಾ ಇದೆ ಅಂತೀರಿ. ಯಾವುದಮ್ಮ ಸುಳ್ಳು?"

"ಎರಡೂ ನಿಜ ಡಾಕ್ಟ್ರೇ."

"ಎರಡೂ ನಿಜ ಆದರೆ ನನ್ನ ಸಹಿಯೂ ನಿಜ. ಅವನೇ ಬೇಡ ಅನ್ನಲಿ. ಇಲ್ಲ, ಪಂದ್ಯದ ದಿನ ಮೂಲೆಯವರು ಟವೆಲ್ ಎಸೆದು ಆಟ ನಿಲ್ಲಿಸ್ಲಿ."

ಮೂಲೆಯವರು ಎಂದರೆ ಮಾವ. ಅವಳು ಕ್ಲಬ್ಬಿಗೆ ಹೋದಾಗ ಮಾವ ಹೊಸಬರ ಸಾಲಿಗೆ ಪಾಠ ಹೇಳುತ್ತಿದ್ದ. "ಬಿದ್ರೆ ಎಣಿಸ್ತಾರೆ, ಎದ್ದು ಬನ್ನಿ. ರಕ್ತ ಬಂದ್ರೆ ಒರೆಸ್ತೀವಿ. ಬೆನ್ನು ತೋರಿಸಿ ನಡೆದ್ರೋ, ಮುಗೀತು, ರೆಫರಿ ಎರಡೂ ಕೈ ಬೀಸ್ತಾನೆ. ಆಮೇಲೆ ನನ್ನ ಬಾಗಿಲಿಗೂ ಬರಬೇಡಿ." ಅಣ್ಣ ಮೂಲೆಯಲ್ಲಿ ಮರಳಿನ ಚೀಲ ಗುದ್ದುತ್ತಿದ್ದ. ಚೀಲದ ಹೊಲಿಗೆ ಬಿಟ್ಟು ಮರಳು ಸಣ್ಣಗೆ ಸೋರುತ್ತಿತ್ತು.

"ಪಟ್ಟದ ಪಂದ್ಯ ಬೇಡ," ಎಂದಳು. ಅಂಕಿಗಳನ್ನು ಹೇಳಿದಳು.

ಮಾವ ತಾಳ್ಮೆಯಿಂದ ಕೇಳಿದ. "ನೂರಕ್ಕೆ ಇಪ್ಪತ್ತು ಅಂದೋಳು ನೀನೇ ಅಲ್ವೇನೇ?"

"ನೂರಕ್ಕೆ ಇಪ್ಪತ್ತು ಸರಿ ಮಾವ. ತಲೆಗೆ ಎಷ್ಟು, ಅದನ್ನ ಕೇಳು. ಇನ್ನೂರ ಹತ್ತೊಂಬತ್ತು. ಹಂಚಿಕೊಳ್ಳೋಕೆ ಇವನ ಹತ್ರ ಇನ್ನೊಂದು ತಲೆ ಇಲ್ಲ. ಇಲ್ಲಿ ದಿನಾ ಅಭ್ಯಾಸದಲ್ಲಿ ತಿಂದಿದ್ದನ್ನ ನಾನು ಬರೆದೂ ಇಲ್ಲ."

"ಹಳೇ ಪೆಟ್ಟು ಹಳೇದಾಯ್ತು. ಊತ ಇಳಿದ ಮೇಲೆ ಇನ್ನೇನು ಲೆಕ್ಕ?"

"ಊತ ಇಳಿಯತ್ತೆ, ಸಂಚಿತ ಇಳಿಯಲ್ಲ."

"ಶಾಲೆ ಭಾಷೆ ಇಲ್ಲಿ ಬೇಡ," ಎಂದ ಅಣ್ಣ, ಚೀಲ ಬಿಟ್ಟು ಬಂದು. "ಇಷ್ಟು ವರ್ಷ ತಿಂದಿದ್ದು ಯಾತಕ್ಕೆ? ಪೆಟ್ಟು ಮುಗೀತು, ಇನ್ನು ಪಟ್ಟ. ಗೆದ್ದ ದಿನ ಗ್ಲೌಸನ್ನ ಮೊಳೆಗೆ ನೇತುಹಾಕ್ತೀನಿ. ಸೋತು ಬಿಡೋನಲ್ಲ ನಾನು."

"ಹಾಗಾದ್ರೆ ಒಂದು ಕೆಲಸ ಮಾಡು. ಅಮ್ಮನ ಹಾಗೆ ಕರಿ."

"ಏನು?"

"ಅಮ್ಮನ ದನಿ ಮಾಡು. ಈಗ. ಆಮೇಲೆ ಮಾವನ ದನಿ ಮಾಡು. ಬೇರೆ ಬೇರೆ ಕೇಳಿಸಿದ್ರೆ ನಾನು ಬಾಯಿ ಮುಚ್ಕೋತೀನಿ."

ಅಣ್ಣ ಬಾಯಿ ತೆರೆದ. ಮುಚ್ಚಿದ. ಅವನಿಗೆ ಗೊತ್ತಿತ್ತು ಎಂದು ಅವಳಿಗೆ ಆಗ ಗೊತ್ತಾಯಿತು. ಅವನು ಪಕ್ಕದ ಸ್ಟೂಲನ್ನು ಒಂದೇ ಕೈಯಲ್ಲಿ ಎತ್ತಿ ಅವಳ ತಲೆಯ ಪಕ್ಕದಿಂದ ಬೀಸಿದ. ಗೋಡೆಯ ಕನ್ನಡಿ ಒಡೆದು ಮಳೆಯಂತೆ ಸುರಿಯಿತು. ಹೊಸಬರ ಸಾಲು ಗೋಡೆಗೆ ಅಂಟಿಕೊಂಡಿತು. ಬೀದಿ ಜಗಳದ ವಯಸ್ಸು ದಾಟಿದ ಮೇಲೆ ಅವನು ಹಗ್ಗದೊಳಗೆ ಎಷ್ಟೇ ಅಗೆದರೂ ಹಗ್ಗದಾಚೆ ನೊಣ ಹೊಡೆದವನಲ್ಲ. ಒಂದು ಚೂರು ಗೀಟಮ್ಮನ ಮುಂಗೈ ಸೀಳಿತ್ತು. ನೆಟ್ಟಗೆ, ಒಂದೇ ಒಂದು ಗೀಟು.

"ತಲೆ ಕೆಡಿಸಬೇಡ ನಂದು," ಎಂದ ಅಣ್ಣ, ಏದುಸಿರು ಬಿಡುತ್ತಾ.

"ನಾನಲ್ಲ ಕೆಡಿಸಿದ್ದು," ಎಂದಳು. ಆಮೇಲೆ, ಕೈಯ ರಕ್ತ ನೋಡುತ್ತಾ, "ಕೆಡಿಸೋಕೆ ಅನುಮತಿ ಬರ್ಕೊಟ್ಟಿದ್ದು ಮಾತ್ರ ನಾನೇ."

*

ಪಂದ್ಯ ಮಧ್ಯಾಹ್ನ, ತಗಡಿನ ಸೂರಿನ ಹಾಲಿನಲ್ಲಿ. ಎದುರಾಳಿ ಉದ್ದಕ್ಕೆ, ತೆಳ್ಳಗೆ, ಅವನ ಕಡೆಯವರು ಇಟ್ಟ ಹೆಸರು ಹಾರೆ. ಹಾರೆ, ಗುದ್ದಲಿ ಎಂದು ಹೆಸರು ಕೂಗಿದಾಗ ಹಿಂದಿನ ಸಾಲಿನವನೊಬ್ಬ, "ಎರಡೂ ಬಂದ ಮೇಲೆ ಗುಂಡಿ ತೋಡೋದು ಗ್ಯಾರಂಟಿ ಬಿಡು" ಎಂದ. ಸುತ್ತಲಿನವರು ನಕ್ಕರು.

ಗೀಟಮ್ಮ ತನ್ನ ಜಾಗದಲ್ಲಿ ಕೂತಳು. ಬಾರದಿರಲು ನೋಡಿದ್ದಳು, ಆಗಲಿಲ್ಲ. ಹಾಳೆಯಲ್ಲಿ ಈ ಸಲ ಒಂದೇ ಮನೆ. ಮೊದಲ ಗೀಟಿಗೂ ಮುಂಚೆ, ಮೇಲೆ, ಇನ್ನೂರ ಹತ್ತೊಂಬತ್ತು ಎಂದು ಬರೆದುಕೊಂಡಿದ್ದಳು.

ಹಾರೆ ಹೆಸರಿಗೆ ತಕ್ಕವನು. ಎಡಗೈಯನ್ನು ನೆಟ್ಟಗೆ, ಒಂದೇ ಜಾಗಕ್ಕೆ, ಕಲ್ಲಿನ ಬಿರುಕಿಗೆ ಹಾಕಿದಂತೆ ಹಾಕುತ್ತಿದ್ದ. ಅಣ್ಣನ ಹುಬ್ಬಿನ ಹಳೆಯ ಹೊಲಿಗೆ ಮೊದಲ ಸುತ್ತಿನಲ್ಲೇ ಬಿಚ್ಚಿತು. ಎರಡನೇ ಸುತ್ತಿನಲ್ಲಿ ಮೂಗು ತನ್ನ ಐದನೇ ಆವೃತ್ತಿಗೆ ಹೋಯಿತು. ಮುರಿದ ಸದ್ದು ಬಕೆಟ್ಟಿನ ತನಕ ಕೇಳಿಸಿತು, ಒಣ ಕಡ್ಡಿಯ ಹಾಗೆ. ಜನ ಕೂಗುತ್ತಿದ್ದರು: ಗುದ್ದಲಿ, ಗುದ್ದಲಿ. ಹಾರೆ ಗುದ್ದುತ್ತಿದ್ದ. ಅಣ್ಣನೂ ಸುಮ್ಮನಿರಲಿಲ್ಲ. ಮೂರನೇ ಸುತ್ತಿನಲ್ಲಿ ಅವನ ಬಲಗೈ ಮೇಲಿಂದ ಬಿದ್ದು ಹಾರೆಯ ಕಿವಿ ಹರಿಯಿತು, ಕುತ್ತಿಗೆ ಪೂರ್ತಿ ಕೆಂಪು. ಹಾರೆ ಎರಡು ಸಲ ನೆಲಕ್ಕೆ ಬಿದ್ದು ಎರಡು ಸಲ ಎದ್ದ. ಅಂಕದ ಲೆಕ್ಕದಲ್ಲಿ ಅಣ್ಣನೇ ಮುಂದಿದ್ದ. ನೂರಕ್ಕೆ ಎಷ್ಟು ಎಂದು ಕೇಳಿದರೆ ಈಗಲೂ ಚೆನ್ನಾಗಿಯೇ ಇರುತ್ತಿತ್ತು.

ನಾಲ್ಕನೇ ಸುತ್ತು ಮುಗಿದ ಗಂಟೆಗೆ ಅಣ್ಣ ಹಾರೆಯ ಮೂಲೆಗೆ ಹೋಗಿ ಅವನ ಸ್ಟೂಲಿನ ಮೇಲೆ ಕೂತುಬಿಟ್ಟ. ಹಾಲ್ ನಕ್ಕಿತು. ರೆಫರಿ ತೋಳು ಹಿಡಿದು ಕರೆತಂದ.

"ಸುತ್ತು ಜಾಸ್ತಿಯಾಯ್ತು ಅಷ್ಟೇ," ಎಂದ ಮಾವ, ರೆಫರಿಗೆ ಕೇಳುವಂತೆ.

"ತಲೆಸುತ್ತು," ಎಂದಳು ಗೀಟಮ್ಮ. "ಟವೆಲ್ ಕೊಡು ಮಾವ."

ಮಾವ ಟವೆಲ್ಲನ್ನು ತನ್ನ ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡ. "ಗೆಲ್ತಾ ಇದಾನೆ ಕಣೇ. ಗೆಲ್ಲೋನ ಕೈ ಹಿಡೀತಾರಾ ಯಾರಾದ್ರೂ?"

ಅವಳು ಟವೆಲ್ಲಿನ ತುದಿ ಹಿಡಿದು ಎಳೆದಳು. ಮಾವ ಮೊಣಕೈಯಿಂದ ಅವಳ ಎದೆಗೆ ತಿವಿದ. ಅವಳು ಬಕೆಟ್ಟಿನ ಮೇಲೆ ಬಿದ್ದು, ಕೆಂಪು ನೀರು ಕಾಲ ಮೇಲೆಲ್ಲ ಚೆಲ್ಲಿತು. ಗಂಟೆ ಹೊಡೆಯಿತು.

ಐದನೇ ಸುತ್ತಿನಲ್ಲಿ ಅಣ್ಣ ಕೈಯನ್ನೇ ಎತ್ತಲಿಲ್ಲ. ಇದು ತಂತ್ರವೆಂದು ಜನ ತಿಳಿದರು. ತಂತ್ರವಾಗಿದ್ದಾಗ ಅವನ ಕಣ್ಣು ಎದುರಾಳಿಯ ಭುಜ ನೋಡುತ್ತಿತ್ತೆಂದು ತಂಗಿಗೆ ಗೊತ್ತಿತ್ತು. ಈಗ ಅದು ಏನನ್ನೂ ನೋಡುತ್ತಿರಲಿಲ್ಲ. ಒಂದು. ಮತ್ತೊಂದು. ತಲೆ ಹಿಂದಕ್ಕೆ ಹೋಗಿ ತಾನಾಗಿ ಮುಂದಕ್ಕೆ ಬಂದು ಮುಂದಿನದಕ್ಕೆ ನಿಲ್ಲುತ್ತಿತ್ತು. ಒಂದು ಹಲ್ಲು ಹಗ್ಗದ ಕೆಳಗೆ ಜಾರಿ ಅವಳ ಚಪ್ಪಲಿಯ ಹತ್ತಿರ ನಿಂತಿತು. ಬೇರಿನ ಸಮೇತ. ಅವಳ ಪೆನ್ಸಿಲ್ ಇನ್ನೂರ ತೊಂಬತ್ತು ಮುಟ್ಟಿತ್ತು. ರೆಫರಿ ಮೂಲೆಯತ್ತ ನೋಡಿದ. ಮಾವ ತಲೆ ಅಲ್ಲಾಡಿಸಿದ. ಹಾಲ್ ಕೂಗಿತು, ಗುದ್ದಲಿ.

ಗೀಟಮ್ಮ ಪೆನ್ಸಿಲ್ ಕೆಳಗಿಟ್ಟಳು. ಕಣ್ಣು ಮುಚ್ಚಿ ಮೆಟ್ಟಿಲ ತುದಿಯನ್ನು ನೆನೆದಳು. ಎಡಗೈ ಕಟಕಟೆಯ ಮೇಲೆ, ಬಲಗೈ ಸೊಂಟದ ಮೇಲೆ, ಇಡೀ ದಿನದ ದಣಿವೆಲ್ಲ ಕೊನೆಯ ಅಕ್ಷರಕ್ಕೆ ಜಾರುವ ಆ ಎಳೆತ. ಬಾಯಿ ತೆರೆದಳು.

"ಸಾಕು ಬಾರೋ, ತಟ್ಟೆ ಹಾಕಾಯ್ತು."

ಅಷ್ಟು ಗದ್ದಲದಲ್ಲಿ ಅದು ಯಾರಿಗೂ ಕೇಳಿಸಿರಲಾರದು. ಮಾವ ಮಾತ್ರ ಬೆಂಕಿ ಮುಟ್ಟಿದವನಂತೆ ತಿರುಗಿದ. ಅದು ಅವನ ಅಕ್ಕನ ದನಿ. ಹಗ್ಗದೊಳಗೆ ಅಣ್ಣನ ಭುಜ ಎರಡೂ ಸಡಿಲವಾದವು. ಬೀದಿಯಲ್ಲಿ ಕಾಲರ್ ಬಿಟ್ಟವನ ಹಾಗೆ ಅವನು ಹಾರೆಗೆ ಬೆನ್ನು ಹಾಕಿ ತನ್ನ ಮೂಲೆಯ ಕಡೆ, ಸಾವಧಾನವಾಗಿ, ಊಟಕ್ಕೆ ನಡೆಯುವವನಂತೆ ನಡೆದ.

ಹಾರೆಯ ಕೈ ಆಗಲೇ ಹೊರಟಿತ್ತು. ಅದು ಅಣ್ಣನ ಕಿವಿಯ ಹಿಂದೆ, ತಲೆಬುರುಡೆಯ ಬುಡಕ್ಕೆ ಬಿತ್ತು. ಅವನು ಮುಗ್ಗರಿಸಿ ಹಗ್ಗದ ಮೇಲೆ ಬಗ್ಗಿದ, ಬಿಳಿಯ ಕಣ್ಣುಗುಡ್ಡೆಗಳು ತಂಗಿಯ ಮುಖದ ನೇರಕ್ಕೆ. ರೆಫರಿ ಓಡಿಬಂದು ಎರಡೂ ಕೈ ಬೀಸಿದ.

*

ಒಳಗಿನ ಕೋಣೆಯಲ್ಲಿ ಡಾಕ್ಟರು ಹುಬ್ಬು ಹೊಲಿದು, ಕಣ್ಣಿಗೆ ದೀಪ ಬಿಟ್ಟು, ಆಸ್ಪತ್ರೆಗೆ ಗಾಡಿ ತರಿಸಲು ಹೋದರು. ಈ ಸಲ ಅವರು ಯಾರ ಲೆಕ್ಕವನ್ನೂ ಕೇಳಲಿಲ್ಲ. ಮಾವ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದ. ಟವೆಲ್ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು.

ಅಣ್ಣ ಸೂರಿನ ತಗಡು ನೋಡುತ್ತಾ ಮಲಗಿದ್ದ.

"ಬೆನ್ನು ತೋರಿಸಿದೋನು ಅಂತಾರೆ ನನ್ನ, ಇನ್ಮೇಲೆ."

"ಅನ್ಲಿ."

"ನಿನ್ನ ಕೊಂದುಹಾಕ್ಬೇಕು ಅನ್ಸತ್ತೆ ಗೀಟಮ್ಮ. ನಿಜವಾಗ್ಲೂ." ಅವನ ಮುಷ್ಟಿ ಹಾಸಿಗೆಯ ಕಬ್ಬಿಣವನ್ನು ಒಮ್ಮೆ ಗುದ್ದಿತು, ಬಲವಿಲ್ಲದೆ. ಆಮೇಲೆ, "ಅಮ್ಮ ಅಷ್ಟು ಮೂಗಲ್ಲಿ ಮಾತಾಡ್ತಿರಲಿಲ್ಲ. ಅದು ನಿಮ್ಮ ಹೆಡ್ ಮಾಸ್ಟ್ರು."

"ಆದ್ರೂ ಬಂದ್ಯಲ್ಲ."

"ತಟ್ಟೆ ಹಾಕಾಯ್ತು ಅಂದ್ಯಲ್ಲ." ಅವನು ನಗಲು ಹೋದ, ತುಟಿ ಮತ್ತೆ ಬಿಚ್ಚಿಕೊಂಡಿತು. "ಆ ಕೊನೇದು. ಹಿಂದೆಯಿಂದ ಬಿದ್ದಿದ್ದು. ಎಣಿಸಿದ್ಯಾ?"

"ಎಣಿಸಿದೆ. ಇನ್ನೂರ ತೊಂಬತ್ತೊಂದು."

"ಅದು ಯಾರ ಲೆಕ್ಕಕ್ಕೆ?"

"ನನ್ನ ಲೆಕ್ಕಕ್ಕೆ," ಎಂದು ಗೀಟಮ್ಮ ಅವನ ತುಟಿಯ ರಕ್ತವನ್ನು ಕೈಯಂಚಿನಿಂದ ಒರೆಸಿದಳು.

ತಿಂಗಳ ನಂತರ ಪರೀಕ್ಷೆಗೆ ಪಾಠ ತಿರುವಿ ಹಾಕುವಾಗ ಪಿಟೀಲು ಕೈ ಎತ್ತಿತು. "ಆಮೇಲೆ ಆ ಬಾಗಿಲಿಗೆ ಏನಾಯ್ತು ಟೀಚರ್?"

"ಇನ್ನೂ ಒಂದು ದಿನ ಕಲ್ಲು ಬಿತ್ತು. ಆಮೇಲೆ ನಿಂತಿತು."

"ನಿಂತ ಮೇಲೆ ಸಂಚಿತದ ಮನೇಲಿ ಏನು ಬರೀಬೇಕು? ಸೊನ್ನೇನಾ?"

"ಇಲ್ಲ. ಆವೃತ್ತಿ ಸೊನ್ನೆ. ಸಂಚಿತ ಹಿಂದಿನದ್ದೇ."

"ಇಳಿಯೋದೇ ಇಲ್ವಾ?"

"ಇಳಿಯಲ್ಲ. ಏರೋದೂ ಇಲ್ಲ."

ಸಂಜೆ ಅವಳು ಕ್ಲಬ್ಬಿನ ಮುಂದೆ ಬಂದಾಗ ಒಳಗೆ ಮಾವ ಯಾರಿಗೋ ಕೈ ಎತ್ತು, ಕೈ ಎತ್ತು ಎಂದು ಗದರುತ್ತಿದ್ದ. ಹೊಸದಾಗಿ ಹೇಳತೊಡಗಿದ್ದ ಪಾಠ. ಅವಳು ಒಳಗೆ ಹೋಗದೆ ಅಲ್ಲೇ ನಿಂತು ಚೀಲಗಳ ಸದ್ದು ಕೇಳಿದಳು. ಮೆಟ್ಟಿಲ ತುದಿಯಲ್ಲಿ ಅಣ್ಣ ಕಾಣಿಸಿಕೊಂಡ, ಎಡಗೈ ಕಟಕಟೆಯ ಮೇಲೆ, ಬಲಗೈ ಸೊಂಟದ ಮೇಲೆ.

"ಸಾಕು ಬಾರೇ, ತಟ್ಟೆ ಹಾಕಾಯ್ತು."

ದನಿ ದಪ್ಪವಾಗಿತ್ತು, ತುದಿ ಸವೆದಿತ್ತು. ಕೇಳಿದವರು ಮಾವನೇ ಕರೆದದ್ದು ಎನ್ನಬೇಕು.

"ಬಂದೆ ಅಮ್ಮಾ," ಎಂದು ಗೀಟಮ್ಮ ಮೆಟ್ಟಿಲು ಹತ್ತಿದಳು.